ಸ್ಪ್ಯಾನಿಷ್ ವರ್ತಮಾನ ಕಾಲದ ಕ್ರಿಯಾಪದಗಳು: ಹಾಸನ, ಚಿಕ್ಕಮಗಳೂರಿನ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೋಂಸ್ಟೇ ನಡೆಸುವವರು, ಬೇಲೂರು ಹಳೇಬೀಡಿನಲ್ಲಿ ಪ್ರವಾಸಿಗರಿಗೆ ಗುಡಿ ತೋರಿಸುವವರು, ಕಾಫಿ ವ್ಯಾಪಾರದಲ್ಲಿರುವವರು, ಹೊರದೇಶದ ಕೆಲಸದ ಮೇಲೆ ಕಣ್ಣಿಟ್ಟಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ನಮ್ಮ ಕಡೆ ಸ್ಪ್ಯಾನಿಷ್ ಕಲಿಯಲು ಕೂರುವವರು ಹೆಚ್ಚಾಗಿ ಇವರೇ. ಕಾಫಿ ಬೆಳೆಯುವ ಕೊಲಂಬಿಯಾ, ಹೊಂಡುರಾಸ್, ಗ್ವಾಟೆಮಾಲಾ, ಪೆರು, ಮೆಕ್ಸಿಕೊ ಎಲ್ಲ ಕಡೆಯೂ ನಡೆಯುವುದು ಸ್ಪ್ಯಾನಿಷ್. ಬ್ರೆಜಿಲ್ ಮಾತ್ರ ಪೋರ್ಚುಗೀಸಿನದು. ಇವರಲ್ಲಿ ಬಹುಪಾಲು ಮಂದಿ ಎರಡನೆಯ ವಾರಕ್ಕೇ ಕ್ರಿಯಾಪದದ ಪಟ್ಟಿ ನೋಡಿ ಕೈಚೆಲ್ಲುತ್ತಾರೆ. ಇಂಗ್ಲಿಷಿನವರಿಗಾಗಿ ಬರೆದ ಪುಸ್ತಕ ಹಿಡಿದು ಕೂತರೆ ಹಾಗಾಗದೆ ಇನ್ನೇನು? ಇಲ್ಲಿನ ಉತ್ತರಗಳು ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಕನ್ನಡ ವ್ಯಾಕರಣವನ್ನೇ ಆಧಾರವಾಗಿಟ್ಟುಕೊಂಡಿವೆ.

ಒಂದು ಸೂಚನೆ: ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಉಚ್ಚಾರದಲ್ಲಿ ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದಿದೆ. ಆ ದೀರ್ಘ ಏಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಇಂಗ್ಲಿಷ್ ಅಷ್ಟಾಗಿ ಬಾರದವರು ಸ್ಪ್ಯಾನಿಷ್ ಕಲಿಯಬಹುದೇ?

ಧಾರಾಳವಾಗಿ. ಕ್ರಿಯಾಪದದ ಮಟ್ಟಿಗೆ ಹೇಳುವುದಾದರೆ ಕನ್ನಡ ಬಲ್ಲವರಿಗೇ ಅನುಕೂಲ ಹೆಚ್ಚು. ಇಂಗ್ಲಿಷಿನಲ್ಲಿ ನಾನು, ನೀನು, ನಾವು, ಅವರು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಕ್ರಿಯಾರೂಪ ಸಾಕು. ಕನ್ನಡದಲ್ಲಿ ‘ಕುಡಿಯುತ್ತೇನೆ’, ‘ಕುಡಿಯುತ್ತೀಯೆ’, ‘ಕುಡಿಯುತ್ತಾಳೆ’, ‘ಕುಡಿಯುತ್ತೇವೆ’ ಎಂದು ಆಖ್ಯಾತ ಪ್ರತ್ಯಯ ಬದಲಾಗುತ್ತ ಹೋಗುತ್ತದೆ. ಸ್ಪ್ಯಾನಿಷ್ ಮಾಡುವುದೂ ಇದನ್ನೇ. ಕನ್ನಡದಲ್ಲಿ ಧಾತು, ನಡುವೆ ಕಾಲ ಸೂಚಿಸುವ ‘ಉತ್ತ’, ಆಮೇಲೆ ಪುರುಷ ಮತ್ತು ವಚನ ತಿಳಿಸುವ ಪ್ರತ್ಯಯ. ಸ್ಪ್ಯಾನಿಷ್ ವರ್ತಮಾನದಲ್ಲಿ ನಡುವಿನ ‘ಉತ್ತ’ದಂಥದ್ದು ಇಲ್ಲ, ಧಾತುವಿಗೆ ನೇರವಾಗಿ ಪ್ರತ್ಯಯ ಅಂಟುತ್ತದೆ. ಒಂದು ಮೆಟ್ಟಿಲು ಕಡಿಮೆ.

ನಿಯಮಿತ ಕ್ರಿಯಾಪದ ಎಂದು ಯಾವುದನ್ನು ಕರೆಯುತ್ತಾರೆ?

ಪುರುಷ, ವಚನ ಬದಲಾದರೂ ಧಾತು ಅಲುಗಾಡದೆ ಪ್ರತ್ಯಯ ಮಾತ್ರ ಬದಲಾದರೆ ಅದು ನಿಯಮಿತ. ನಿಘಂಟಿನಲ್ಲಿ ಸ್ಪ್ಯಾನಿಷ್ ಕ್ರಿಯಾಪದ ‘ಕುಡಿಯುವುದು’, ‘ಹತ್ತುವುದು’ ಎಂಬಂಥ ರೂಪದಲ್ಲಿರುತ್ತದೆ. ಅದರ ಕೊನೆ ಆರ್, ಏರ್, ಈರ್ ಈ ಮೂರರಲ್ಲಿ ಒಂದು. ಆ ಬಾಲವನ್ನು ಕತ್ತರಿಸಿದರೆ ಉಳಿಯುವುದು ಧಾತು. ಮೂರು ಗುಂಪುಗಳಲ್ಲಿ ಆರ್ ಗುಂಪೇ ದೊಡ್ಡದು; ಭಾಷೆಗೆ ಹೊಸದಾಗಿ ಸೇರುವ ಕ್ರಿಯಾಪದಗಳೂ ಹೆಚ್ಚಾಗಿ ಅದೇ ಗುಂಪಿಗೆ ಬಂದು ಬೀಳುತ್ತವೆ.

ಆರ್ ಗುಂಪಿನ ರೂಪಗಳು ಹೇಗೆ?

ಕಾಫಿ ನಾಡಿನವರಿಗೆ ‘ತೊಮಾರ್’ ಸಾಕು. ತೆಗೆದುಕೊಳ್ಳುವುದು ಎಂಬುದು ಅದರ ಮೂಲ ಅರ್ಥ, ಕಾಫಿ ಕುಡಿಯುವುದಕ್ಕೂ ಅದೇ ಬಳಕೆ. ಧಾತು ‘ತೊಮ್’.

ನಾನು: ತೋಮೊ
ನೀನು: ತೋಮಸ್
ಅವನು, ಅವಳು, ಅದು: ತೋಮ
ನಾವು: ತೊಮಾಮೊಸ್
ನೀವೆಲ್ಲ (ಸ್ಪೇನಿನಲ್ಲಿ ಮಾತ್ರ): ತೊಮಾಯ್ಸ್
ಅವರು: ತೋಮನ್

‘ತೋಮೊ ಕಫೇ’ ಎಂದರೆ ಕಾಫಿ ಕುಡಿಯುತ್ತೇನೆ. ‘ತೋಮನ್ ಕಫೇ?’ ಎಂದು ದನಿ ಏರಿಸಿದರೆ ಅತಿಥಿಗಳಿಗೆ ಕಾಫಿ ಆಗಬಹುದೇ ಎಂದು ಕೇಳಿದಂತಾಯಿತು (ಎದುರಿಗಿರುವವರಿಗೆ ‘ಅವರು’ ರೂಪ ಏಕೆ ಎಂಬುದು ಮುಂದೆ ಬರುತ್ತದೆ). ಪ್ರಶ್ನೆಗೆಂದು ಬೇರೆ ಸಹಾಯಕ ಕ್ರಿಯಾಪದ ಹುಡುಕಬೇಕಾಗಿಲ್ಲ. ಇದೇ ಅಚ್ಚಿನಲ್ಲಿ ತ್ರಬಹಾರ್ (ಕೆಲಸ ಮಾಡು), ಯೆಗಾರ್ (ತಲುಪು), ಪಗಾರ್ (ಹಣ ಕೊಡು), ಎಸ್ಪೆರಾರ್ (ಕಾಯು), ಅಬ್ಲಾರ್ (ಮಾತನಾಡು), ಕೊಸಿನಾರ್ (ಅಡುಗೆ ಮಾಡು) ಎಲ್ಲವನ್ನೂ ಎರಕ ಹೊಯ್ಯಬಹುದು. ತ್ರಬಾಹೊ, ತ್ರಬಾಹಸ್, ತ್ರಬಾಹ, ತ್ರಬಹಾಮೊಸ್, ತ್ರಬಾಹನ್.

ಏರ್ ಮತ್ತು ಈರ್ ಗುಂಪುಗಳಿಗೆ ಮತ್ತೆರಡು ಪಟ್ಟಿ ಬಾಯಿಪಾಠ ಮಾಡಬೇಕೇ?

ಬೇಡ, ಒಂದು ಪಟ್ಟಿ, ಅದರ ಮೇಲೆ ಎರಡು ರೂಪ ಸಾಕು. ಕೊಮೇರ್, ತಿನ್ನು: ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೊಮೇಯ್ಸ್, ಕೋಮೆನ್. ಸುಬೀರ್, ಹತ್ತು: ಸೂಬೊ, ಸೂಬೆಸ್, ಸೂಬೆ, ಸುಬೀಮೊಸ್, ಸುಬೀಸ್, ಸೂಬೆನ್. ‘ನಾವು’ ಮತ್ತು ಸ್ಪೇನಿನ ‘ನೀವೆಲ್ಲ’ ಬಿಟ್ಟರೆ ಎರಡೂ ಗುಂಪಿನ ಪ್ರತ್ಯಯಗಳು ಒಂದೇ. ‘ನಾನು’ ರೂಪದ ಕೊನೆಯ ‘ಒ’ ಅಂತೂ ಮೂರೂ ಗುಂಪಿಗೆ ಸಮಾನ.

‘ನೀವು’ ಎನ್ನಬೇಕಾದವರಿಗೆ ಯಾವ ರೂಪ?

ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ನೀನು ಎನ್ನಲು ‘ತೂ’, ಗೌರವದ ನೀವು ಎನ್ನಲು ‘ಉಸ್ತೇದ್’. ಇಷ್ಟು ಕೇಳಿದ ಕೂಡಲೇ ಕನ್ನಡಿಗರು ಉಸ್ತೇದ್‌ಗೆ ಮಧ್ಯಮ ಪುರುಷದ ರೂಪ ಹುಡುಕುತ್ತಾರೆ. ಅದು ಸಿಗುವುದಿಲ್ಲ. ಉಸ್ತೇದ್‌ಗೆ ಹತ್ತುವುದು ಪ್ರಥಮ ಪುರುಷದ ಏಕವಚನ, ಅಂದರೆ ಅವನು, ಅವಳು ಎಂಬುದರ ರೂಪ: ‘ಉಸ್ತೇದ್ ತೋಮ’.

ಕಾರಣ ಪದದ ಹುಟ್ಟಿನಲ್ಲಿದೆ. ‘ತಮ್ಮ ಕೃಪೆ’ ಎಂಬರ್ಥದ ‘ಬ್ವೇಸ್ತ್ರ ಮೆರ್ಸೇದ್’ ಸವೆದು ಸವೆದು ‘ಉಸ್ತೇದ್’ ಆಯಿತು. ಕೃಪೆ ಕಾಫಿ ಕುಡಿಯುತ್ತದೆ, ಕೃಪೆ ಒಳಗೆ ಬರುತ್ತದೆ ಎಂದ ಮೇಲೆ ಪ್ರಥಮ ಪುರುಷವೇ ಬರಬೇಕಲ್ಲ. ಮಠಗಳಲ್ಲಿ ಎದುರಿಗೇ ಕುಳಿತಿರುವ ಸ್ವಾಮಿಗಳನ್ನು ‘ಬುದ್ಧಿಯವರು ಯಾವಾಗ ದಯಮಾಡಿಸುತ್ತಾರೆ?’ ಎಂದು ಕೇಳುವುದನ್ನು ನೀವು ಕೇಳಿರಬಹುದು. ಮಾತು ಅವರೊಂದಿಗೇ, ಕ್ರಿಯಾಪದ ಮಾತ್ರ ಬೇರೆ ಯಾರ ಬಗ್ಗೆಯೋ ಎಂಬಂತೆ. ಉಸ್ತೇದ್ ಇಷ್ಟೇ.

ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆ ‘ಉಸ್ತೇದೆಸ್’. ಅದಕ್ಕೆ ‘ಅವರು’ ರೂಪ. ಹೋಂಸ್ಟೇಗೆ ಕುಟುಂಬ ಬರುತ್ತಿದ್ದರೆ ‘ಅ ಕೇ ಓರ ಯೇಗನ್?’, ಎಷ್ಟು ಗಂಟೆಗೆ ತಲುಪುತ್ತೀರಿ? ಅತಿಥಿಗಳೊಂದಿಗೆ ಈ ರೂಪದಲ್ಲೇ ಇರಿ. ಅವರೇ ‘ತೂ’ ಎಂದು ಮಾತು ತೆಗೆದರೆ ಆಗ ಸಲುಗೆ ತೋರಬಹುದು. ಕೊಲಂಬಿಯಾದ ಬೆಟ್ಟದ ಸೀಮೆಯಲ್ಲಿ ಮನೆಯವರೊಂದಿಗೂ ಗೆಳೆಯರೊಂದಿಗೂ ಉಸ್ತೇದ್ ಬಳಸುವವರಿದ್ದಾರೆ, ಹಾಗಾಗಿ ಗೌರವ ಹೆಚ್ಚಾಯಿತೆಂದು ಅಲ್ಲಿನವರು ಬೇಸರಪಡುವುದಿಲ್ಲ.

‘ಅಪ್ಪ ಕೆಲಸ ಮಾಡುತ್ತಾರೆ’ ಎನ್ನಲು ಬಹುವಚನ ಬಳಸಬೇಕೇ?

ಬಳಸಬಾರದು. ಕನ್ನಡದಲ್ಲಿ ಗೌರವಕ್ಕೆ ಬಹುವಚನ ಸಹಜ: ಅಪ್ಪ ಬರುತ್ತಾರೆ, ಡಾಕ್ಟರು ಹೇಳುತ್ತಾರೆ. ಅದೇ ಅಭ್ಯಾಸದಲ್ಲಿ ‘ಮಿ ಪಾದ್ರೆ ತ್ರಬಾಹನ್’ ಎಂದುಬಿಟ್ಟರೆ ಕೇಳುವವರು ನಿಮಗೆ ಎಷ್ಟು ಮಂದಿ ತಂದೆ ಎಂದು ಯೋಚಿಸಿಯಾರು. ‘ಮಿ ಪಾದ್ರೆ ತ್ರಬಾಹ’ ಎನ್ನಬೇಕು. ಒಬ್ಬರಾದರೆ ಏಕವಚನ, ಅವರು ಎಷ್ಟೇ ದೊಡ್ಡವರಾಗಿರಲಿ. ಇಂಗ್ಲಿಷ್ ಪುಸ್ತಕದಲ್ಲಿ ಈ ಎಚ್ಚರಿಕೆ ಇರುವುದಿಲ್ಲ, ಏಕೆಂದರೆ ಇಂಗ್ಲಿಷಿನವರು ಈ ತಪ್ಪು ಮಾಡುವುದೇ ಇಲ್ಲ.

ಅವನು, ಅವಳು, ಅದು ಎಲ್ಲಕ್ಕೂ ಒಂದೇ ರೂಪವೇ?

ಹೌದು. ಕನ್ನಡದ ಆನೆ, ಆಳೆ, ಅದೆ ಮೂರೂ ಸೇರಿ ಅಲ್ಲಿ ಒಂದೇ ಪ್ರತ್ಯಯ. ಯಾರ ಮಾತು ಎಂದು ಗೊಂದಲವಾಗುವಂತಿದ್ದರೆ ಮಾತ್ರ ಅವನು ಎನ್ನಲು ‘ಏಲ್’, ಅವಳು ಎನ್ನಲು ‘ಏಯ’ ಸೇರಿಸಿ.

ಪ್ರತಿ ಸಲವೂ ನಾನು, ನೀನು ಎಂದು ಹೇಳಬೇಕೇ?

‘ನಾಳೆ ಬರುತ್ತೇನೆ’ ಎನ್ನುವಾಗ ನಾವು ‘ನಾನು’ ಸೇರಿಸುತ್ತೇವೆಯೇ? ಅಲ್ಲೂ ಹಾಗೇ. ‘ಬೀಬೊ ಎನ್ ಚಿಕ್ಕಮಗಳೂರು’ ಎಂದರೆ ಸಾಕು, ಚಿಕ್ಕಮಗಳೂರಿನಲ್ಲಿ ವಾಸಿಸುತ್ತೇನೆ. ‘ಯೋ ಬೀಬೊ’ ಎಂದರೆ ‘ನಾನಾದರೋ ವಾಸಿಸುತ್ತೇನೆ’ ಎಂದು ಒತ್ತಿ ಹೇಳಿದ ಹಾಗೆ. ಮಾತು ಮಾತಿಗೂ ಯೋ, ಯೋ ಎನ್ನುವವರು ಇಂಗ್ಲಿಷ್ ದಾರಿಯಲ್ಲಿ ಸ್ಪ್ಯಾನಿಷಿಗೆ ಬಂದವರು ಎಂದು ಗುರುತು ಹಿಡಿಯಬಹುದು.

ದೀರ್ಘ ಎಲ್ಲಿ ಬರುತ್ತದೆ ಎಂಬುದು ಅಷ್ಟು ಮುಖ್ಯವೇ?

ಬಹಳ. ಆರು ರೂಪಗಳಲ್ಲಿ ನಾಲ್ಕಕ್ಕೆ ಒತ್ತು ಧಾತುವಿನ ಮೇಲೆ: ತೋಮೊ, ತೋಮಸ್, ತೋಮ, ತೋಮನ್. ‘ನಾವು’ ಮತ್ತು ‘ನೀವೆಲ್ಲ’ ರೂಪಗಳಲ್ಲಿ ಅದು ಪ್ರತ್ಯಯಕ್ಕೆ ಜಾರುತ್ತದೆ: ತೊಮಾಮೊಸ್, ತೊಮಾಯ್ಸ್. ‘ತೋಮೊ’ ಎಂದರೆ ಕುಡಿಯುತ್ತೇನೆ. ಅದನ್ನೇ ‘ತೊಮೋ’ ಎಂದು ಕೊನೆಗೆ ಒತ್ತಿದರೆ ಅವನು ಕುಡಿದನು ಎಂದಾಗುತ್ತದೆ. ಆಳೂ ಬದಲು, ಕಾಲವೂ ಬದಲು. ಬರಹದಲ್ಲಿ ಸ್ವರದ ತಲೆಯ ಮೇಲೆ ಒಂದು ಸಣ್ಣ ಓರೆಗೆರೆ ಮಾತ್ರ ಈ ವ್ಯತ್ಯಾಸ ಕಾಯುತ್ತದೆ. ಮಾತಿನಲ್ಲಿ ಅದೂ ಇಲ್ಲ, ಕಿವಿಯೇ ಗತಿ.

‘ತೊಮಾಮೊಸ್’ ವರ್ತಮಾನಕ್ಕೂ ಭೂತಕ್ಕೂ ಒಂದೇ. ನಿನ್ನೆಯೋ ಇಂದೋ ಎಂಬುದನ್ನು ಸಂದರ್ಭದಿಂದ ತಿಳಿಯಬೇಕು.

ಉಚ್ಚಾರದಲ್ಲಿ ಬೇರೇನು ಗಮನಿಸಬೇಕು?

ತ, ದ ಕನ್ನಡದವೇ, ಟ, ಡ ಆಗಬಾರದು. ಇಂಗ್ಲಿಷಿನ ಎಚ್ ಅಕ್ಷರ ಅಲ್ಲಿ ಬರೆದಿದ್ದರೂ ಮೌನ, ಹಾಗಾಗಿ ‘ಅಬ್ಲಾರ್’. ಜೆ ಅಕ್ಷರಕ್ಕೆ ‘ಹ’, ಅದೂ ಗಂಟಲಿನಿಂದ ಕೆರೆದಂತೆ. ಬಿ, ವಿ ಎರಡಕ್ಕೂ ‘ಬ’. ಜೋಡಿ ಎಲ್ ಬಂದರೆ ಹೆಚ್ಚಿನ ಕಡೆ ‘ಯ’. ಬ್ಯೂನಸ್ ಐರಿಸಿನವರ ಬಾಯಲ್ಲಿ ಅದೇ ‘ಶ’. ಯೆಗಾರ್ ಅಲ್ಲಿ ಶೆಗಾರ್.

‘ಇಲ್ಲ’ ಎನ್ನುವುದು ಹೇಗೆ?

ಕ್ರಿಯಾಪದದ ಮುಂದೆ ‘ನೋ’ ಇಡಿ: ನೋ ತೋಮೊ, ನೋ ತೋಮಸ್, ನೋ ತೋಮ. ಕನ್ನಡದ ‘ಕುಡಿಯುವುದಿಲ್ಲ’ ಎಲ್ಲ ಪುರುಷಕ್ಕೂ ಒಂದೇ ಆದ್ದರಿಂದ ನಮ್ಮವರ ನಾಲಿಗೆ ‘ನೋ ತೊಮಾರ್’ ಎಂದು ಹೊರಳುತ್ತದೆ. ನಿಷೇಧದಲ್ಲೂ ಪ್ರತ್ಯಯ ಬಿಡುವಂತಿಲ್ಲ. ‘ನೋ’ ಜೊತೆ ನಿಘಂಟಿನ ರೂಪ ಕಾಣಿಸುವುದು ಫಲಕಗಳಲ್ಲಿ: ‘ನೋ ತೊಕಾರ್’, ಮುಟ್ಟಬಾರದು.

‘ಕುಡಿಯುತ್ತಿದ್ದೇನೆ’, ‘ನಾಳೆ ಹತ್ತುತ್ತೇವೆ’ ಎನ್ನಲು ಬೇರೆ ರೂಪ ಬೇಕೇ?

ಬಹುತೇಕ ಇದೇ ಸಾಕು. ‘ಕೇ ಲೇಸ್?’ ಎಂದರೆ ಏನು ಓದುತ್ತೀಯೆ ಎಂದೂ ಹೌದು, ಏನು ಓದುತ್ತಿದ್ದೀಯೆ ಎಂದೂ ಹೌದು. ‘ಮನ್ಯಾನ ಸುಬೀಮೊಸ್ ಅ ಮುಳ್ಳಯ್ಯನಗಿರಿ’, ನಾಳೆ ಮುಳ್ಳಯ್ಯನಗಿರಿ ಹತ್ತುತ್ತೇವೆ. ನಾಳೆಯ ಮಾತಿಗೆ ಕನ್ನಡವೂ ವರ್ತಮಾನವನ್ನೇ ಬಳಸುವುದರಿಂದ ಇದನ್ನು ವಿವರಿಸಿ ಹೇಳಬೇಕಾದ್ದೇ ಇಲ್ಲ. ಈ ಕ್ಷಣದಲ್ಲಿ ನಡೆಯುತ್ತಿದೆ ಎಂದು ಒತ್ತಿ ಹೇಳುವ ಬೇರೆ ರಚನೆಯೂ ಇದೆ, ಆದರೆ ಅದಕ್ಕೆ ಅವಸರವಿಲ್ಲ.

ಕಾಫಿ ತೋಟದ ಕೆಲಸಗಳನ್ನು ಹೇಳಲು ನಿಯಮಿತ ಕ್ರಿಯಾಪದಗಳೇ ಸಾಕಾಗುತ್ತವೆಯೇ?

ತೋಟದಲ್ಲಿ ಬಹುಮಟ್ಟಿಗೆ ಸಾಕು, ಅಡುಗೆಮನೆಗೆ ಬಂದರೆ ಸಾಲದು. ಗಿಡ ನೆಡುವುದು ಪ್ಲಂತಾರ್, ಪ್ಲಾಂತೊ. ಬೆಳೆಯುವುದು ಕುಲ್ತಿಬಾರ್, ಕುಲ್ತೀಬೊ. ಕಪಾತು ಮಾಡುವುದು ಪೊದಾರ್, ಪೋದೊ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿದ ಮೇಲೆ ತೊಳೆಯುವುದು ಲಬಾರ್, ಲಾಬೊ. ಕಣದಲ್ಲಿ ಒಣಗಿಸುವುದು ಸೆಕಾರ್, ಸೇಕೊ. ತೋಟದ ಲೆಕ್ಕ ಬರೆಯುವ ರೈಟರು ತೂಕ ಹಾಕುವುದು ಪೆಸಾರ್, ಪೇಸ. ಮಾರುವುದು ಬೆಂದೇರ್, ಬೇಂದೊ. ಒಂದೂ ದಾರಿ ತಪ್ಪುವುದಿಲ್ಲ.

ಆಮೇಲೆ ನೋಡಿ. ಬೀಜ ಹುರಿಯುವುದು ‘ತೊಸ್ತಾರ್’. ನಿಯಮದಂತೆ ‘ತೋಸ್ತೊ’ ಆಗಬೇಕಿತ್ತು, ಆಗುವುದು ‘ತ್ವೇಸ್ತೊ’. ಪುಡಿ ಮಾಡುವುದು ‘ಮೊಲೇರ್’, ಪುಡಿ ಮಾಡುತ್ತೇನೆ ‘ಮ್ವೇಲೊ’. ನೀರು ಕುದಿಸುವುದು ‘ಎರ್ಬೀರ್’, ಕುದಿಸುತ್ತೇನೆ ‘ಯೇರ್ಬೊ’. ಡಿಕಾಕ್ಷನ್ ಸೋಸುವುದು ‘ಕೊಲಾರ್’ (ಕೋಲಾರ ಜಿಲ್ಲೆಗೂ ಇದಕ್ಕೂ ಸಂಬಂಧವಿಲ್ಲ), ಸೋಸುತ್ತೇನೆ ‘ಕ್ವೇಲೊ’. ಹುರಿಯುವುದರಿಂದ ಸೋಸುವವರೆಗೆ ನಾಲ್ಕಕ್ಕೆ ನಾಲ್ಕೂ ಧಾತು ಬದಲಿಸುವ ಪುಂಡರು. ಲೋಟಕ್ಕೆ ಬಗ್ಗಿಸಿ ಕುಡಿಯುವಾಗ ಮತ್ತೆ ‘ತೋಮೊ’, ಅಥವಾ ಏರ್ ಗುಂಪಿನ ‘ಬೇಬೊ’, ನಿಯಮ ಮರಳುತ್ತದೆ.

ಈ ಪುಂಡಾಟಕ್ಕೂ ಒಂದು ಕ್ರಮವಿದೆ. ಒತ್ತು ಧಾತುವಿನ ಮೇಲೆ ಬಿದ್ದಾಗ ಮಾತ್ರ ಸ್ವರ ಒಡೆಯುತ್ತದೆ: ತ್ವೇಸ್ತೊ, ತ್ವೇಸ್ತಸ್, ತ್ವೇಸ್ತ, ತ್ವೇಸ್ತನ್. ಒತ್ತು ಪ್ರತ್ಯಯಕ್ಕೆ ಜಾರಿದರೆ ಧಾತು ತೆಪ್ಪಗಿರುತ್ತದೆ: ತೊಸ್ತಾಮೊಸ್, ತೊಸ್ತಾಯ್ಸ್. ದೀರ್ಘದ ಬಗ್ಗೆ ಇಷ್ಟು ಕೊರೆದದ್ದು ಇದಕ್ಕೇ. ಪ್ರತ್ಯಯಗಳು ಮಾತ್ರ ಇಲ್ಲೂ ಆಯಾ ಗುಂಪಿನವೇ, ಹಾಗಾಗಿ ನಿಯಮಿತ ರೂಪ ಕಲಿತದ್ದು ವ್ಯರ್ಥವಾಗುವುದಿಲ್ಲ.

ತೋಟದಲ್ಲೂ ಎರಡು ಅಪವಾದಗಳಿವೆ: ಬೀಜ ಬಿತ್ತುವ ‘ಸೆಂಬ್ರಾರ್’ ‘ಸ್ಯೇಂಬ್ರೊ’ ಆಗುತ್ತದೆ, ನೀರು ಹಾಯಿಸುವ ‘ರೆಗಾರ್’ ‘ರ್ಯೇಗೊ’ ಆಗುತ್ತದೆ. ಹಣ್ಣು ಕೊಯ್ಯುವ ‘ರೆಕೊಹೇರ್’ ಇನ್ನೊಂದು ಬಗೆ. ಅದರ ‘ನಾನು’ ರೂಪದಲ್ಲಿ ಜಿ ಅಕ್ಷರ ಹೋಗಿ ಜೆ ಬರುತ್ತದೆ, ಆದರೆ ಧ್ವನಿ ಅದೇ. ಕನ್ನಡ ಲಿಪಿಯಲ್ಲಿ ‘ರೆಕೋಹೊ’ ಎಂದು ಬರೆದರೆ ಬದಲಾವಣೆ ಕಾಣುವುದೇ ಇಲ್ಲ. ಬರೆಯುವವರಿಗೆ ತೊಡಕು, ಮಾತನಾಡುವವರಿಗೆ ಏನೂ ಇಲ್ಲ.

‘ನನಗೆ ಕಾಫಿ ಇಷ್ಟ’ ಎನ್ನುವುದು ಹೇಗೆ?

‘ಮೆ ಗೂಸ್ತ ಎಲ್ ಕಫೇ.’ ಗುಸ್ತಾರ್ ಅಪ್ಪಟ ನಿಯಮಿತ ಕ್ರಿಯಾಪದ, ಆದರೆ ಕರ್ತೃ ಕಾಫಿ. ‘ಮೆ’ ಎಂದರೆ ನನಗೆ. ಇಂಗ್ಲಿಷಿನವರಿಗಾಗಿ ಬರೆದ ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ಖರ್ಚು ಮಾಡುತ್ತವೆ. ನಾವು ಚತುರ್ಥಿ ವಿಭಕ್ತಿಯಲ್ಲಿ ‘ನನಗೆ ಇಷ್ಟವಾಗುತ್ತದೆ’ ಎಂದು ಹುಟ್ಟಿನಿಂದಲೇ ಹೇಳುತ್ತಿದ್ದೇವೆ, ಆ ಪುಟಗಳನ್ನು ಮಗುಚಿಬಿಡಿ. ಇಷ್ಟವಾಗುವ ವಸ್ತು ಹಲವಾದರೆ ‘ಮೆ ಗೂಸ್ತನ್’ ಎಂಬುದನ್ನು ಮಾತ್ರ ನೆನಪಿಡಿ.

ಸ್ಪೇನಿನ ‘ನೀವೆಲ್ಲ’ ರೂಪ ಕಲಿಯಬೇಕೇ?

ಸ್ಪೇನಿಗೆ ಹೋಗುವವರು, ಸ್ಪೇನಿನ ಅತಿಥಿಗಳು ಬರುವ ಹೋಂಸ್ಟೇಯವರು ಕಲಿಯಿರಿ. ಲ್ಯಾಟಿನ್ ಅಮೆರಿಕದಲ್ಲಿ ‘ಬೊಸೋತ್ರೊಸ್’ ಚಾಲ್ತಿಯಲ್ಲಿಲ್ಲ, ಉಸ್ತೇದೆಸ್ ಸಾಕು. ಅದರ ಬದಲು ಅರ್ಜೆಂಟೀನಾ, ಉರುಗ್ವೆ, ಮಧ್ಯ ಅಮೆರಿಕದ ಹಲವೆಡೆ ‘ತೂ’ ಜಾಗದಲ್ಲಿ ‘ಬೋಸ್’ ಕೇಳಿಸುತ್ತದೆ. ಆಗ ತೋಮಸ್ ಅಲ್ಲ, ‘ತೊಮಾಸ್’. ಕೇಳಿ ಗುರುತಿಸಿದರೆ ಸಾಕು, ನೀವು ಆಡಬೇಕಾಗಿಲ್ಲ.

ಬೇಲೂರಿನಲ್ಲಿ ಪ್ರವಾಸಿಗರಿಗೆ ತೋರಿಸುವಾಗ ಇವು ಎಷ್ಟರ ಮಟ್ಟಿಗೆ ಒದಗುತ್ತವೆ?

ಶಿಲ್ಪ ತೋರಿಸಲು ವರ್ತಮಾನಕ್ಕಿಂತ ಒಳ್ಳೆಯ ಕಾಲವಿಲ್ಲ, ಕಲ್ಲಿನ ಹೆಂಗಸರು ಈಗಲೂ ಅದನ್ನೇ ಮಾಡುತ್ತಿದ್ದಾರಲ್ಲ. 1117ರ ಚೆನ್ನಕೇಶವ ದೇವಾಲಯದ ಮದನಿಕೆಯರ ಎದುರು ನಿಂತು ಒಂದೊಂದು ವಾಕ್ಯ ಹೇಳಿ. ದರ್ಪಣ ಸುಂದರಿಯ ಮುಂದೆ: ‘ಮೀರ ಎಲ್ ಎಸ್ಪೇಹೊ’, ಕನ್ನಡಿ ನೋಡುತ್ತಾಳೆ. ವಾದ್ಯ ಬಾರಿಸುವವಳ ಮುಂದೆ: ‘ತೋಕ ಎಲ್ ತಂಬೋರ್’. ನರ್ತಿಸುವವಳು ಒಬ್ಬಳಾದರೆ ‘ಬಾಯ್ಲ’, ಕೈ ಬೀಸಿ ಹಲವರನ್ನು ತೋರಿಸುವುದಾದರೆ ‘ಬಾಯ್ಲನ್’. ಕೋತಿ ಸೆರಗು ಎಳೆಯುವ ಶಿಲ್ಪಕ್ಕೆ ‘ಎಲ್ ಮೋನೊ ತೀರ ದೆಲ್ ಸಾರಿ’. ಇದಕ್ಕೆ ನಗದ ಪ್ರವಾಸಿ ಕಡಿಮೆ. ಬಾಗಿಲಲ್ಲಿ ‘ದೆಹಾಮೊಸ್ ಲೊಸ್ ಸಪಾತೊಸ್ ಅಕೀ’, ಚಪ್ಪಲಿ ಇಲ್ಲಿ ಬಿಡುತ್ತೇವೆ. ಆಜ್ಞೆಯ ರೂಪ ಬಾರದವರಿಗೆ ಈ ‘ನಾವು’ ದೊಡ್ಡ ಆಸರೆ, ಕೇಳಲೂ ಒರಟಲ್ಲ. ಬಳಸಿದ ಮಿರಾರ್, ತೊಕಾರ್, ಬಯ್ಲಾರ್, ತಿರಾರ್, ದೆಹಾರ್ ಎಲ್ಲವೂ ಆರ್ ಗುಂಪಿನವು. ವಿಷ್ಣುವರ್ಧನನ ಕಥೆಗೆ ಭೂತಕಾಲ ಬೇಕು, ಅದು ಬರುವವರೆಗೆ ಕಥೆಯನ್ನು ಇಂಗ್ಲಿಷಿನಲ್ಲೇ ಹೇಳಿ.

ಬಾಯಿಪಾಠ ಮಾಡಬೇಕೇ?

ಮಾಡಬೇಕು. ಬಾಯಿಪಾಠ ಹಳೆಯ ಪದ್ಧತಿ ಎಂದು ಮೂಗು ಮುರಿಯುವವರ ಮಾತು ಕೇಳಬೇಡಿ. ಮಗ್ಗಿಯ ಹಾಗೆ ಜೋರಾಗಿ, ರಾಗವಾಗಿ ಹೇಳಿಕೊಳ್ಳಿ. ಆದರೆ ಮಗ್ಗಿ ಬಲ್ಲ ಹುಡುಗನನ್ನು ‘ಏಳೆಂಟಲೆ?’ ಎಂದು ನಡುವಿನಿಂದ ಕೇಳಿದರೆ ಒಂದರಿಂದ ಶುರು ಮಾಡುತ್ತಾನಲ್ಲ, ಆ ಕಷ್ಟ ಇಲ್ಲೂ ಬರುತ್ತದೆ. ಆದ್ದರಿಂದ ಮೂರನೆಯ ದಿನದಿಂದ ಕ್ರಮ ಕದಡಿ: ಮೊದಲು ‘ಅವರು’, ಆಮೇಲೆ ‘ನಾನು’, ಆಮೇಲೆ ‘ನಾವು’.

ಚಿಕ್ಕಮಗಳೂರು–ಹಾಸನ ಬಸ್ಸು ಅಭ್ಯಾಸಕ್ಕೆ ಒಳ್ಳೆಯ ಜಾಗ. ಕಣ್ಣಿಗೆ ಬಿದ್ದದ್ದನ್ನೆಲ್ಲ ಮನಸ್ಸಿನಲ್ಲೇ ವಾಕ್ಯ ಮಾಡಿ. ಟಿಕೆಟ್ ಹಣ ವಸೂಲು ಮಾಡುವುದು ‘ಕೊಬ್ರಾರ್’, ಹಾಗಾಗಿ ‘ಎಲ್ ಕೊಬ್ರದೋರ್ ಕೋಬ್ರ’, ಕಂಡಕ್ಟರ್ ಹಣ ಪಡೆಯುತ್ತಾನೆ. ‘ಕೊಂದುಕ್ತೋರ್’ ಎನ್ನಬೇಡಿ, ಸ್ಪ್ಯಾನಿಷಿನಲ್ಲಿ ಅವನು ಡ್ರೈವರು. ಕಿಟಕಿ ಪಕ್ಕದ ಹುಡುಗಿ ಹಾಡು ಕೇಳುತ್ತಾಳೆ, ‘ಎಸ್ಕೂಚ’. ಇಬ್ಬರು ಮಾತನಾಡುತ್ತಾರೆ, ‘ಆಬ್ಲನ್’. ನೀವು ಬೇಲೂರಿನಲ್ಲಿ ಇಳಿಯುವಾಗ ‘ಬಾಹೊ’, ಇಳಿಯುತ್ತೇನೆ.

ಅನಿಯಮಿತ ಕ್ರಿಯಾಪದಗಳನ್ನು ಯಾವಾಗ ಕಲಿಯಬೇಕು?

ಇರುವುದು, ಹೋಗುವುದು, ಹೊಂದಿರುವುದು ಎಂಬಂಥ ನಾಲ್ಕೈದು ಮೊದಲ ವಾರದಿಂದಲೇ ಬೇಕಾಗುತ್ತವೆ, ಅವನ್ನು ಇಡಿಯಾಗಿ ನುಂಗಿ. ಉಳಿದವು ಈ ಮೂರು ಗುಂಪು ನಾಲಿಗೆಗೆ ಒಗ್ಗಿದ ಮೇಲೆ. ಸ್ಪ್ಯಾನಿಷ್ ಭಾಷೆಯ ಮಟ್ಟ ಅಳೆಯುವ ಡೆಲೆ ಪರೀಕ್ಷೆಯ ಮೊದಲ ಹಂತವಾದ ಎ1ಕ್ಕೆ ಕೂರುವವರಿಗೂ ಇದೇ ಕ್ರಮ ಹೊಂದುತ್ತದೆ.

ಮೊಬೈಲಿನಲ್ಲಿ ಆ ಓರೆಗೆರೆಯನ್ನೂ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಯನ್ನೂ ಬರೆಯುವುದು ಹೇಗೆ?

ಕೀಬೋರ್ಡ್ ಸೆಟ್ಟಿಂಗ್ಸಿನಲ್ಲಿ ಕನ್ನಡ ಸೇರಿಸಿದಂತೆಯೇ ಸ್ಪ್ಯಾನಿಷನ್ನೂ ಸೇರಿಸಿ. ಸ್ವರದ ಅಕ್ಷರವನ್ನು ಒತ್ತಿ ಹಿಡಿದರೆ ಓರೆಗೆರೆಯಿರುವ ಅಕ್ಷರ ಮೇಲೇಳುತ್ತದೆ, ಬೆರಳು ಅಲ್ಲಿಗೆ ಜಾರಿಸಿ. ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿ ಹಿಡಿದರೆ ತಲೆಕೆಳಗಾದದ್ದು ಸಿಗುತ್ತದೆ. ಅದು ವಾಕ್ಯದ ಮೊದಲಿಗೆ, ನೇರವಾದದ್ದು ಕೊನೆಗೆ. ಅತಿಥಿಗಳಿಗೆ ವಾಟ್ಸಾಪ್ ಸಂದೇಶ ಕಳಿಸುವಾಗ ಮೊದಲಿನದನ್ನು ಬಿಟ್ಟರೂ ನಡೆಯುತ್ತದೆ, ಅವರಲ್ಲೇ ಬಹಳ ಮಂದಿ ಬಿಡುತ್ತಾರೆ. ಓರೆಗೆರೆಯನ್ನು ಮಾತ್ರ ಬಿಡಬೇಡಿ.